ಚೆಂಡು ಮುಟ್ಟದ ಆರನೇ ನಂಬರು

ಮೊನ್ನೆ ಉದ್ಯಾವರದಲ್ಲಿ ಒಂದು ಗೃಹಪ್ರವೇಶವಿತ್ತು. ಬಸ್ಸಿಳಿದು ಹೆದ್ದಾರಿ ದಾಟಿ ಒಳರಸ್ತೆಗೆ ತಿರುಗಿದರೆ ಮೈದಾನದಲ್ಲಿ ಒಬ್ಬ ಯಂತ್ರ ಹಿಡಿದು ಹುಲ್ಲು ಸವರುತ್ತಿದ್ದ. ಹಸಿ ಹುಲ್ಲು, ಪೆಟ್ರೋಲಿನ ಹೊಗೆ, ಅಡಿಯ ಕೆಸರು, ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ಅಲ್ಲೇ ನಿಂತಿತು. ಕೆಂಪು ಕಲ್ಲಿನ ಗೋಡೆಯ ಮೇಲೆ ಒಂದು ಗಳಿಗೆ ಕೂತು ಹೋಗೋಣವೆಂದು ಕೂತವನು ಎದ್ದಾಗ ಊಟದ ಮೊದಲ ಪಂಕ್ತಿ ಮುಗಿದಿತ್ತು. ಒಂದು ನಿಮಿಷ ತಡವಾದರೂ ಮೈ ಪರಚಿಕೊಳ್ಳುವ ನನ್ನಂಥವನಿಗೆ ಇದು ಸಣ್ಣ ಸಂಗತಿಯಲ್ಲ. ನನ್ನ ಕೆಲಸವೇ ಅದಾಗಿತ್ತು. ಉಡುಪಿಯಲ್ಲಿ ನಾನು ಖಾಸಗಿ ಬಸ್ಸುಗಳ ಟೈಮ್ ಕೀಪರ್ ಆಗಿದ್ದವನು.

ಈ ಕೆಲಸ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಲ್ಲಿ ಒಂದೇ ದಾರಿಗೆ ಹತ್ತಾರು ಬಸ್ಸುಗಳು. ಒಂದು ಬಸ್ಸು ನಿಲ್ದಾಣದಲ್ಲಿ ಎರಡು ನಿಮಿಷ ಹೆಚ್ಚು ನಿಂತರೆ ಹಿಂದಿನ ಬಸ್ಸಿನ ಡ್ರೈವರ್ ಅಂಗಿ ತೋಳು ಮಡಚಿಕೊಂಡು ಇಳಿಯುತ್ತಾನೆ. ನಡುವೆ ನಾನು. ಕೈಯಲ್ಲಿ ಪುಸ್ತಕ, ಬಾಯಲ್ಲಿ ಸೀಟಿ. ಬಸ್ಸು ಬಂದ ಹೊತ್ತು, ಹೊರಟ ಹೊತ್ತು ಬರೆಯುವುದು, ಜಗಳ ಬಿಡಿಸುವುದು, ಮತ್ತು ಯಾರು ಬಂದು ಎಂತ ಕೇಳಿದರೂ ಪುಸ್ತಕ ಬಿಡಿಸಿ ಸರಿಯಾದ ಉತ್ತರ ಕೊಡುವುದು. ಕಾಪುವಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದವರಿಗೆ ‘ಈಗ ಬರುತ್ತದೆ’ ಎಂದು ನಾನು ಒಮ್ಮೆಯೂ ಹೇಳಿದವನಲ್ಲ. ಇಷ್ಟು ಗಂಟೆ ಇಷ್ಟು ನಿಮಿಷ ಎಂದೇ ಹೇಳಿದ್ದು.

ನಿವೃತ್ತನಾದ ವರ್ಷ ಮನೆಯಲ್ಲಿ ಕೂತು ಏನು ಮಾಡುವುದೆಂದು ತಿಳಿಯಲಿಲ್ಲ. ಅಂಬಲಪಾಡಿಯ ನಮ್ಮ ಮನೆಯಲ್ಲಿ ಹಾಲಿನವನು ಬಂದ ಹೊತ್ತು, ನಲ್ಲಿಯಲ್ಲಿ ನೀರು ನಿಂತ ಹೊತ್ತು ಎಲ್ಲ ಬರೆಯಲು ಶುರುಮಾಡಿದೆ. ಒಂದು ದಿನ ನನ್ನ ಹೆಂಡತಿ ಸುಮತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. “ಕುಕ್ಕರ್ ಸೀಟಿ ಹಾಕಿದ್ದಕ್ಕೂ ಟೈಮ್ ಬರೀತೀರಲ್ಲ, ನನ್ನ ತಲೆ ತಿನ್ನುವುದಕ್ಕೂ ಒಂದು ಟೈಮ್ ಇಡಿ. ಸಂಜೆ ಹೊತ್ತು ಎಲ್ಲಿಗಾದರೂ ಹೋಗಿ ಬನ್ನಿ ಮಾರಾಯ್ರೆ!” ಎಂದಳು. ಹೋದೆ. ಮೊದಲು ಬಂದ ಬಸ್ಸಿಗೆ ಹತ್ತಿದೆ. ಅದು ಉದ್ಯಾವರದಲ್ಲಿ ಮಳೆಗೆ ಕೆಟ್ಟು ನಿಂತಿತು. ಕೊಡೆ ಬಿಡಿಸಿ ಇಳಿದರೆ ಮೈದಾನದಲ್ಲಿ ಹುಡುಗಿಯರು ಫುಟ್ಬಾಲ್ ಆಡುತ್ತಿದ್ದರು. ಹಾಗೆ ಶುರುವಾದದ್ದು ನನ್ನ ಆ ಮಳೆಗಾಲ.

ತಂಡವನ್ನು ಕಟ್ಟಿದ್ದವರು ಲಿಲ್ಲಿ ಟೀಚರ್. ವ್ಯಾಯಾಮ ಶಿಕ್ಷಕಿ, ಮಾತು ಕಡಿಮೆ, ಕಣ್ಣು ಮಾತ್ರ ಎಲ್ಲ ಕಡೆ. ಉಡುಪಿಯಿಂದ ಕಾಪುವಿನವರೆಗಿನ ಹುಡುಗಿಯರನ್ನು ಆರಿಸಿ ತಂದಿದ್ದರು. ಅವರ ಆಟ ನೋಡಿ ನನಗೆ ಮೊದಲು ಬಂದದ್ದು ಸಿಟ್ಟು. ಚೆಂಡನ್ನು ಒದೆಯುವುದೇ ಇಲ್ಲ! ಇವಳು ಅವಳಿಗೆ ಕೊಡುವುದು, ಅವಳು ಮತ್ತೆ ಇವಳಿಗೆ ಕೊಡುವುದು, ಎದುರು ಗೋಲು ಕಾಣುತ್ತಿದ್ದರೂ ಹಿಂದಕ್ಕೆ ಕೊಡುವುದು. ನಾನು ಗೋಡೆಯ ಮೇಲೆ ಕೂತು “ಮುಂದೆ ಹೊಡಿಯಿರಿ, ಮುಂದೆ!” ಎಂದು ಬೊಬ್ಬೆ ಹಾಕಿದೆ. ಟೀಚರ್ ಗೋಡೆಯ ಬಳಿಗೆ ಬಂದರು.

“ಅಂಕಲ್, ಮುಂದೆ ಹೊಡೆದ ಬಾಲನ್ನು ಅವರು ನಮಗೆ ವಾಪಸ್ ಕೊಡ್ತಾರಾ?”

ಮೂಗಿನ ತುದಿಯಲ್ಲೇ ಸಿಟ್ಟು ಇರುವ ಮನುಷ್ಯ ನಾನು, ಮರುದಿನ ಜಗಳಕ್ಕೆಂದೇ ಹೋದೆ. ಆದರೆ ಮರುದಿನ ಸುಮ್ಮನೆ ನೋಡಿದೆ, ಅದರ ಮರುದಿನವೂ ನೋಡಿದೆ, ನಾಲ್ಕನೆಯ ದಿನಕ್ಕೆ ಗುಟ್ಟು ಹೊಳೆಯಿತು. ಹಿಂದಕ್ಕೆ ಕೊಟ್ಟ ಪಾಸು ಹೆದರಿ ಕೊಟ್ಟದ್ದಲ್ಲ, ಕರೆಯಲು ಕೊಟ್ಟದ್ದು. ಚೆಂಡು ಹಿಂದೆ ಹೋದಾಗ ಕಿತ್ತುಕೊಳ್ಳುವ ಆಸೆಗೆ ಎದುರಾಳಿ ಒಂದು ಹೆಜ್ಜೆ ಮುಂದೆ ಬರುತ್ತಾಳೆ. ಅವಳು ಬಿಟ್ಟು ಬಂದ ಜಾಗ ಖಾಲಿ. ಆ ಖಾಲಿ ಜಾಗಕ್ಕೆ ನಮ್ಮವಳು ಓಡಿರುತ್ತಾಳೆ. ಮೂವರು ಯಾವಾಗಲೂ ಮೂರು ಮೂಲೆಯಲ್ಲಿ ನಿಂತಿರುತ್ತಾರೆ, ಚೆಂಡು ಇದ್ದವಳಿಗೆ ಎರಡು ದಾರಿ ಇದ್ದೇ ಇರುತ್ತದೆ. ಒಂದು ಮುಚ್ಚಿದರೆ ಇನ್ನೊಂದು. ಮೈದಾನದ ಒಂದು ಮೂಲೆಯಲ್ಲಿ ಜಡಿಮಳೆಯ ಆಟಿ ತಿಂಗಳಿಡೀ ನೀರು ನಿಲ್ಲುತ್ತಿತ್ತು. ಎದುರಾಳಿಗಳು ದೂರ ಒದೆದ ಚೆಂಡು ಆ ನೀರಿಗೆ ಬಿದ್ದು ತೆಪ್ಪಗೆ ನಿಲ್ಲುತ್ತಿತ್ತು. ನಮ್ಮವರು ನೀರಿನ ಸುತ್ತ ಚಿಕ್ಕ ಚಿಕ್ಕ ಪಾಸು ಕೊಟ್ಟುಕೊಂಡು ಆರಾಮವಾಗಿ ದಾಟುತ್ತಿದ್ದರು. ‘ಅಬ್ಬ, ಒಬ್ಬಳು ಜಾಗ ಬಿಡುವ ಹೊತ್ತಿಗೆ ಸರಿಯಾಗಿ ಇನ್ನೊಬ್ಬಳು ಬರುವುದು, ಇದು ಟೈಮ್ ಕೀಪರನ ಆಟ!’ ಎಂದು ನನಗೆ ನಾನೇ ಹೇಳಿಕೊಂಡೆ. ಒದ್ದೆ ಚಡ್ಡಿಯಲ್ಲಿ ಗೋಡೆಯ ಮೇಲೆ ಕೂತು ಅಷ್ಟು ಸಂತೋಷ ಪಟ್ಟದ್ದು ಜೀವನದಲ್ಲಿ ಅದೇ ಮೊದಲು.

ಈ ಆಟದ ನಡುವೆ ಇದ್ದವಳು ಆರನೇ ನಂಬರಿನ ರೇಣುಕಾ. ಬಾಗಲಕೋಟೆ ಕಡೆಯವಳು. ಬನ್ನಂಜೆಯಲ್ಲಿ ಎದ್ದೇಳುತ್ತಿದ್ದ ಒಂದು ದೊಡ್ಡ ಕಟ್ಟಡದಲ್ಲಿ ತಂದೆ ಹನುಮಂತಪ್ಪ ಗಾರೆ ಕೆಲಸ, ತಾಯಿ ಅದೇ ಕಟ್ಟಡದಲ್ಲಿ ಜಲ್ಲಿ ಹೊರುವುದು, ಅದರ ಪಕ್ಕದ ತಗಡಿನ ಶೆಡ್ಡಿನಲ್ಲಿ ವಾಸ. ಹುಡುಗಿ ಎತ್ತರವಿಲ್ಲ, ಓಟವೂ ಅಂಥ ಜೋರಿಲ್ಲ. ಆದರೆ ಚೆಂಡು ತನ್ನ ಕಡೆ ಬರುವ ಮೊದಲೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿರುತ್ತಾಳೆ. ಬಂದ ಚೆಂಡಿಗೆ ಅವಳಲ್ಲಿ ಯೋಚನೆಯ ಹೊತ್ತು ಬೇಡ. ಒಂದು ಮುಟ್ಟು, ಕಳಿಸಿದಳು. “ಅಷ್ಟು ಬೇಗ ಹೇಗೆ ಗೊತ್ತಾಗ್ತದೆ ಮಗಾ?” ಎಂದು ಒಮ್ಮೆ ಕೇಳಿದೆ.

“ಸೈಟಿನ್ಯಾಗ ದೊಡ್ಡಾಕಿ ಆಗೀನಲ್ರಿ ಅಂಕಲ್. ಮ್ಯಾಲಿಂದ ಏನ್ ಬೀಳತೈತಿ, ಹಿಂದಿಂದ ಯಾವ ಗಾಡಿ ಬರತೈತಿ, ನೋಡ್ಕೋತನ ಅಡ್ಡಾಡಬೇಕು” ಎಂದು ನಕ್ಕಳು.

ಅವಳ ಕಷ್ಟ ಏನೆಂದು ಲಿಲ್ಲಿ ಟೀಚರ್ ಹೇಳಿದರು. ಕಟ್ಟಡ ಮುಗಿಯುತ್ತ ಬಂದಿತ್ತು. ಮುಗಿದ ಕೂಡಲೇ ಕಂಟ್ರಾಕ್ಟರು ಎಲ್ಲರನ್ನೂ ಕಾರವಾರದ ಕಡೆ ಕರೆದೊಯ್ಯುತ್ತಾನೆ. ಹುಡುಗಿ ಆಗಲೇ ಎಷ್ಟೋ ಶಾಲೆ ಬದಲಿಸಿ ಹೇಗೋ ಪಿಯುಸಿ ಮುಟ್ಟಿದ್ದಳು. ಹೋದರೆ ಓದೂ ಇಲ್ಲ, ಆಟವೂ ಇಲ್ಲ, ಅಮ್ಮನ ಜೊತೆ ಬುಟ್ಟಿ ಹೊರುವುದೇ. ಉಳಿಯಲು ಒಂದೇ ದಾರಿ ಇತ್ತು. ನಮ್ಮ ತಂಡ ಆಡುತ್ತಿದ್ದ ಜಿಲ್ಲಾ ಕೂಟದ ಫೈನಲ್ಲಿಗೆ ಆಯ್ಕೆಗಾರರು ಬರುತ್ತಾರೆ. ಮಣಿಪಾಲದಲ್ಲಿ ವರ್ಷವಿಡೀ ನಡೆಯುವ ತರಬೇತಿಗೆ ಮೂವರನ್ನು ಆರಿಸುತ್ತಾರೆ. ಹಾಸ್ಟೆಲು, ಕಾಲೇಜು ಎಲ್ಲ ಅವರದೇ. ರೇಣುಕಾ ಆ ಮೂವರಲ್ಲಿ ಒಬ್ಬಳಾಗಬೇಕು. “ಅವಳಿಗೋಸ್ಕರ ಫೈನಲ್ಲಿಗೆ ಹೋಗ್ಲೇಬೇಕು” ಎಂದರು ಟೀಚರ್. ಆ ದಿನದಿಂದ ನನಗೂ ಅದೊಂದೇ ಧ್ಯಾನ.

ನನ್ನ ಕೈಲಾದದ್ದು ಮಾಡಬೇಕಲ್ಲ. ಹಳೆಯ ಬಸ್ ಪುಸ್ತಕ ಒಂದು ಖಾಲಿ ಉಳಿದಿತ್ತು, ಅದನ್ನೇ ತೆಗೆದೆ. ಎಡಗಡೆ ನಿಮಿಷ, ಮೇಲೆ ಆಟಗಾರ್ತಿಯರ ನಂಬರು, ಯಾರ ಕಾಲಿಗೆ ಚೆಂಡು ಬಂತೋ ಅವಳ ನಂಬರಿನ ಕೆಳಗೆ ಒಂದು ಗೀಟು. ಎರಡು ವಾರಕ್ಕೆ ಚಿತ್ರ ಸ್ಪಷ್ಟವಾಯಿತು. ಆರನೇ ನಂಬರಿನ ಕೆಳಗೆ ಗೀಟುಗಳು ದಟ್ಟ, ಉಳಿದ ಕಡೆ ತೆಳು. ಹಿಂದಿನಿಂದ ಮುಂದೆ ಹೋಗುವ ಚೆಂಡೆಲ್ಲ ರೇಣುಕಾಳ ಕಾಲಿನ ಮೂಲಕವೇ ಹೋಗುತ್ತಿತ್ತು. ಟೀಚರಿಗೆ ತೋರಿಸಿದೆ. ಅವರು ಒಂದೊಂದೇ ಪುಟ ತಿರುಗಿಸಿ ನೋಡಿ, “ಇದು ಇಷ್ಟು ಚಂದ ಉಂಟು, ಆದ್ರೆ ಯಾರಿಗೂ ತೋರಿಸ್ಬೇಡಿ ಆಯ್ತಾ” ಎಂದರು. ನಾನು ನಕ್ಕೆ. ಒಬ್ಬ ಮಾಲೀಕನ ಬಸ್ಸಿನ ಗುಟ್ಟನ್ನು ಇನ್ನೊಬ್ಬ ಮಾಲೀಕನಿಗೆ ಹೇಳದೆ ಜೀವಮಾನ ಕಳೆದವನಿಗೆ ಇದನ್ನು ಹೇಳಿಕೊಡಬೇಕೆ?

ಕಾಪುವಿನಲ್ಲಿ ಸೆಮಿಫೈನಲ್. ಸಮುದ್ರದ ಗಾಳಿಗೆ ಚೆಂಡು ಮೇಲೆದ್ದರೆ ಎತ್ತಲೋ ಹೋಗುತ್ತಿತ್ತು. ನಮ್ಮವರ ಚೆಂಡು ನೆಲ ಬಿಟ್ಟು ಏಳಲೇ ಇಲ್ಲ. ಎದುರಾಳಿಗಳು ಅದರ ಹಿಂದೆ ಓಡಿ ಓಡಿ ಸುಸ್ತಾದ ಮೇಲೆ ಕೊನೆಯ ಹತ್ತು ನಿಮಿಷಗಳಲ್ಲಿ ಎರಡು ಗೋಲು. ಎರಡೂ ದೀಕ್ಷಾಳದ್ದು. ಮುಂದೆ ಆಡುವ ಒಂಬತ್ತನೇ ನಂಬರಿನ ಉದ್ದ ಕಾಲಿನ ಹುಡುಗಿ ಅವಳು. ಎರಡಕ್ಕೂ ಚೆಂಡು ಕೊಟ್ಟದ್ದು ಮಾತ್ರ ರೇಣುಕಾ. ಜನ ದೀಕ್ಷಾಳನ್ನು ಎತ್ತಿಕೊಂಡರು. ನನಗೆ ಹೊಟ್ಟೆ ಉರಿಯಿತು. ಆರನೇ ನಂಬರನ್ನು ಯಾರೂ ನೋಡಲಿಲ್ಲವಲ್ಲ ಮಾರಾಯ್ರೆ!

ಆ ಹೊಟ್ಟೆ ಉರಿಯೇ ನನ್ನನ್ನು ಕೆಡಿಸಿತು. ನಾಲ್ಕು ದಿನದ ಮೇಲೆ ಉದ್ಯಾವರದ ಗೋಡೆಯ ಮೇಲೆ ನನ್ನ ಪಕ್ಕ ಬಿಳಿ ಟೋಪಿಯ ಒಬ್ಬರು ಬಂದು ಕೂತರು. ಗೋಳಿಬಜೆಯ ಪೊಟ್ಟಣ ನನ್ನ ಕಡೆ ಚಾಚಿದರು. “ಒಳ್ಳೆ ಆಡ್ತಾರಲ್ವಾ? ಆ ಉದ್ದ ಹುಡುಗಿ ಭಾರಿ ಜೋರುಂಟು” ಎಂದರು.

“ಉದ್ದ ಹುಡುಗಿಯೇ? ಹ್ಹ! ನೀವು ಎಂತ ನೋಡಿದ್ದು?” ಎಂದೆ ನಾನು. ಪುಸ್ತಕ ತೆಗೆದೆ. ಗೀಟು ತೋರಿಸಿದೆ. ಆರನೇ ನಂಬರು ಎಲ್ಲಿ ನಿಲ್ಲುತ್ತಾಳೆ, ಯಾರಿಂದ ತೆಗೆದುಕೊಳ್ಳುತ್ತಾಳೆ, ಯಾವ ಕಾಲಲ್ಲಿ ತಿರುಗುತ್ತಾಳೆ, ಎಲ್ಲ. ಕೇಳಿದವರಿಗೆ ಸರಿಯಾದ ಉತ್ತರ ಕೊಡುವ ಚಟ, ಜೊತೆಗೆ ಆ ಹುಡುಗಿಯ ಬೆಲೆ ಒಬ್ಬರಿಗಾದರೂ ಗೊತ್ತಾಗಲಿ ಎಂಬ ಆಸೆ. ಅವರು ಗೋಳಿಬಜೆ ತಿನ್ನುತ್ತ ಬಹಳ ಮರ್ಯಾದೆಯಿಂದ ಕೇಳಿದರು, “ಉಪಕಾರ ಆಯ್ತು” ಎಂದು ಎದ್ದು ಹೋದರು. ಯಾವ ಊರು ಎಂದು ಕೇಳಲೂ ಇಲ್ಲ ನಾನು.

ಫೈನಲ್ ಕಾರ್ಕಳದಲ್ಲಿ, ಕಾರ್ಕಳದ ತಂಡದ ಜೊತೆಗೇ. ಆಟಿ ಕಳೆದು ಬಂದ ಸೋಣ ತಿಂಗಳ ಬಿಸಿಲು ಮಳೆ ಒಂದರ ಹಿಂದೆ ಒಂದು ಬರುತ್ತಿತ್ತು. ನಾನು ಬಾಡಿಗೆ ವ್ಯಾನಿನಲ್ಲಿ ಹುಡುಗಿಯರ ಜೊತೆಗೇ ಹೋದೆ. ಆಟ ಶುರುವಾಗಿ ಎರಡು ನಿಮಿಷ ಆಗಿರಲಿಲ್ಲ, ನಾನು ಕೂತಲ್ಲಿಂದ ಎದ್ದು ನಿಂತೆ. ಕಾರ್ಕಳದ ಇಬ್ಬರು ಹುಡುಗಿಯರು ರೇಣುಕಾಳ ಮೈಗೆ ಅಂಟಿಕೊಂಡೇ ನಿಂತಿದ್ದರು. ಚೆಂಡು ಎಲ್ಲಿದ್ದರೂ ಅವರಿಗೆ ಲೆಕ್ಕವಿಲ್ಲ. ಒಬ್ಬಳು ಮುಂದೆ, ಒಬ್ಬಳು ಹಿಂದೆ. ಆ ಕಡೆಯ ಗೆರೆಯ ಬಳಿ ನಿಂತು ಕೈಸನ್ನೆ ಮಾಡುತ್ತಿದ್ದ ಅವರ ಕೋಚಿನ ತಲೆಯ ಮೇಲೆ ಬಿಳಿ ಟೋಪಿ.

ಮುಂದಿನದ್ದು ಹೇಳಲು ಈಗಲೂ ನಾಚಿಕೆ. ನಮ್ಮವರು ಅಭ್ಯಾಸದಂತೆ ಚೆಂಡನ್ನು ರೇಣುಕಾಳಿಗೆ ಕೊಡಲು ನೋಡುವುದು, ದಾರಿ ಇಲ್ಲದೆ ತಡವರಿಸುವುದು, ಅಷ್ಟರಲ್ಲಿ ಅವರು ಕಿತ್ತುಕೊಂಡು ಹೋಗುವುದು. ಹಾಗೇ ಕಾರ್ಕಳದವರು ಒಂದು ಗೋಲು ಹೊಡೆದರು. ಆಯ್ಕೆಗೆ ಬಂದಿದ್ದ ಮೇಡಂ ನೆರಳಲ್ಲಿ ಕುರ್ಚಿ ಹಾಕಿಕೊಂಡು ಏನೋ ಬರೆಯುತ್ತಿದ್ದರು. ನನ್ನ ಪುಸ್ತಕದಲ್ಲಿ ಆರನೇ ನಂಬರಿನ ಕೆಳಗೆ ನಾಲ್ಕೇ ಗೀಟು. ನನ್ನ ಕೈಯಾರೆ ಆ ಹುಡುಗಿಯನ್ನು ಕಾರವಾರದ ಗಾಡಿಗೆ ಹತ್ತಿಸಿದೆ ಎನಿಸಿತು.

ಹೇಳದೆ ಇರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ವಿರಾಮದ ಹೊತ್ತಿಗೆ ನನ್ನ ಕಾಲು ತಾನಾಗಿ ಟೀಚರ್ ಬಳಿಗೆ ಹೋಯಿತು. ಹುಡುಗಿಯರೆಲ್ಲ ನೀರು ಕುಡಿಯುತ್ತ ಕೂತಿದ್ದರು. ಅವರೆದುರೇ ಹೇಳಿದೆ.

ಟೀಚರ್ ಮುಖ ಕೆಂಪಾಯಿತು. “ದೇವಾ! ಎಂತ ಮಾಡಿ ಹಾಕಿದ್ರಿ ನೀವು? ಒಂದು ಗೋಳಿಬಜೆಗೆ ಎಲ್ಲ ಹೇಳಿಬಿಟ್ರಾ?”

ನಾನು ತಲೆ ತಗ್ಗಿಸಿ ನಿಂತೆ. ಆಮೇಲೆ ರೇಣುಕಾ ಬೂಟಿನ ಲೇಸು ಬಿಗಿಯುತ್ತ ತಲೆ ಎತ್ತಿದಳು. “ಟೀಚರ್, ಅವರು ಇಬ್ಬರನ್ನ ನನಗ ಕೊಟ್ಟಾರಂದ್ರ ಬಾಕಿ ಆಟದಾಗ ಅವರು ಒಬ್ಬಾಕಿ ಕಡಿಮಿ ಅದಾರ. ನಾ ಬಾಜೂಕ ಹೋಗಿ ನಿಲ್ಲತೀನಿ. ಇಬ್ಬರೂ ನನ್ನ ಬೆನ್ನ ಹಿಂದ ಬರ್ತಾರ. ನಡುವಿನ ಜಾಗ ಖಾಲಿ ಆಗತೈತಿ. ಫಾತಿಮಾ ಬಾಲ್ ತಗೊಂಡು ಅಲ್ಲಿಂದನ ಬರ್ಲಿ.”

ಫಾತಿಮಾ ಎಂದರೆ ಹಿಂದೆ ನಿಂತು ಎದುರಾಳಿಗಳನ್ನು ತಡೆಯುವ ನಾಲ್ಕನೇ ನಂಬರು. ಅರ್ಧ ಮೈದಾನದ ಗೆರೆ ದಾಟಿದ್ದೇ ಅಪರೂಪ. “ನಾನಾ?” ಎಂದು ಕಣ್ಣು ಅಗಲಿಸಿದಳು.

“ನಿನಗೆ ಬಾಲ್ ಸಿಗ್ಲಿಕ್ಕಿಲ್ಲ ಮಗಾ” ಎಂದರು ಟೀಚರ್ ರೇಣುಕಾಳಿಗೆ, ಮೆಲ್ಲಗೆ. “ಇಡೀ ಅರ್ಧ ಆಟ. ಮೇಡಂ ನೋಡ್ತಾ ಇದ್ದಾರೆ, ಗೊತ್ತುಂಟಲ್ವಾ?”

“ಗೊತ್ತೈತ್ರಿ” ಎಂದಳು. ಅಷ್ಟೇ.

ದ್ವಿತೀಯಾರ್ಧವಿಡೀ ಅವಳು ಬಲಬದಿಯ ಗೆರೆಯ ಮೇಲೆ, ನಾನು ಕೂತಿದ್ದಲ್ಲಿಂದ ಹತ್ತು ಹೆಜ್ಜೆಯಲ್ಲಿ ನಿಂತಿದ್ದಳು. ಇಬ್ಬರು ಕಾವಲುಗಾರ್ತಿಯರು ಜೊತೆಗೇ. ಅವರಿಗೆ ಅನುಮಾನ ಬಂದು ನಡುವಿನ ಕಡೆ ಹೊರಳಿದರೆ ಇವಳು ಕೈ ಎತ್ತಿ “ಬಾಲ್! ಬಾಲ್!” ಎಂದು ಕೂಗಿ ಓಡುವುದು, ಇಬ್ಬರೂ ಹೆದರಿ ಮತ್ತೆ ಅಂಟಿಕೊಳ್ಳುವುದು. ಅತ್ತ ನಡುವೆ ಅಂಗಳದಷ್ಟು ಜಾಗ. ಫಾತಿಮಾ ಮೊದಲು ಹೆದರಿ ಹೆದರಿ, ಆಮೇಲೆ ತನ್ನ ಮನೆಯೊಳಗೆ ನಡೆದ ಹಾಗೆ ಚೆಂಡು ತಂದಳು. ಚಿಕ್ಕ ಪಾಸುಗಳು ಮತ್ತೆ ಶುರುವಾದವು. ದೀಕ್ಷಾ ಒಂದು ಹೊಡೆದಳು. ಕೊನೆಗೆ ಫಾತಿಮಾಳೇ ಇನ್ನೊಂದು ಹೊಡೆದಳು. ಗೆದ್ದೆವು. ನಾನು ಅತ್ತದ್ದು ಗೆದ್ದದ್ದಕ್ಕೋ ಹೆದರಿದ್ದಕ್ಕೋ ಗೊತ್ತಿಲ್ಲ. ಕರವಸ್ತ್ರ ಒದ್ದೆಯಾಗಿತ್ತು.

ಆಯ್ಕೆಯ ಮೇಡಂ ಎದ್ದು ಬಂದು ಟೀಚರನ್ನು ಹೊಗಳಿದರು. ದೀಕ್ಷಾ ಮತ್ತು ಫಾತಿಮಾಳ ಹೆಸರು ಬರೆದುಕೊಂಡಾಗಿತ್ತು. “ಆರನೇ ನಂಬರ್ ಬಗ್ಗೆ ಬಹಳ ಕೇಳಿದ್ದೆ. ಆದ್ರೆ ಇವತ್ತು ಅವಳು ಆಟದಲ್ಲೇ ಇರ್ಲಿಲ್ವಲ್ಲ. ನಿಮ್ಮಲ್ಲಿ ಯಾರೋ ಲೆಕ್ಕ ಬರೀತಾರಂತೆ, ನೋಡ್ಬಹುದಾ?” ಎಂದರು. ಪುಸ್ತಕ ಕೊಟ್ಟೆ. ಬೇರೆ ದಾರಿ ಇರಲಿಲ್ಲ. ಇವತ್ತಿನ ಆಟಕ್ಕೇ ಆಯ್ಕೆ ಎಂದು ನೇರ ಆ ದಿನದ ಪುಟಕ್ಕೇ ತಿರುಗಿಸಿದರು. ಆರನೇ ನಂಬರಿನ ಕೆಳಗೆ ಮೊದಲಿನ ಆ ನಾಲ್ಕು ಗೀಟು ಬಿಟ್ಟರೆ ಕೊನೆಯವರೆಗೆ ಬಿಳಿ ಹಾಳೆ. ನನ್ನದೇ ಅಕ್ಷರ, ನನ್ನದೇ ಗೀಟು, ಅವಳ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಚೆಂಡು ಎಲ್ಲಿ ಹೋಯಿತು ಎಂಬುದನ್ನಷ್ಟೇ ಬರೆದಿದ್ದೆ, ಚೆಂಡು ಇಲ್ಲದವರು ಏನು ಮಾಡಿದರು ಎಂದು ಬರೆಯಲು ನನ್ನ ಪುಸ್ತಕದಲ್ಲಿ ಜಾಗವೇ ಇರಲಿಲ್ಲ.

“ಮೇಡಂ, ಒಂದು ನಿಮಿಷ” ಎಂದೆ. “ಆರರ ಕೆಳಗೆ ನೋಡಬೇಡಿ, ನಾಲ್ಕರ ಕೆಳಗೆ ನೋಡಿ. ಈ ಮಳೆಗಾಲದಲ್ಲಿ ಆ ಹುಡುಗಿಗೆ ಇಷ್ಟು ಗೀಟು ಒಮ್ಮೆಯೂ ಬಿದ್ದಿಲ್ಲ. ಅವಳಿಗೆ ಜಾಗ ಎಲ್ಲಿಂದ ಬಂತು?” ಆಮೇಲೆ ಗೋಡೆ, ಗೋಳಿಬಜೆ, ನನ್ನ ಬಾಯಿಬಡುಕುತನ, ವಿರಾಮದಲ್ಲಿ ರೇಣುಕಾ ಹೇಳಿದ್ದು, ಎಲ್ಲವನ್ನೂ ಎರಡೂ ತಂಡದವರೆದುರು ಹೇಳಿದೆ. ಕೆಲವರು ನಕ್ಕರು. ನಗಲಿ ಎಂದುಕೊಂಡೆ.

ಮೇಡಂ ಬಿಳಿ ಟೋಪಿಯವರ ಕಡೆ ತಿರುಗಿದರು. ಅವರು ಸುಮ್ಮನಿರಬಹುದಿತ್ತು, ಅವರ ತಂಡದಿಂದ ಇನ್ನೊಬ್ಬಳಿಗೆ ಅವಕಾಶ ಸಿಗುತ್ತಿತ್ತು. ಆದರೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಇವರು ಹೇಳಿದ್ದು ಸತ್ಯ ಮೇಡಂ. ನಾವು ಅವಳನ್ನು ಹಿಡಿದದ್ದು ಅಂತ ಎಣಿಸಿದೆವು. ನಮ್ಮ ಇಬ್ಬರನ್ನು ಅವಳು ಹಿಡಿದುಕೊಂಡದ್ದು.”

ಮೇಡಂ ನಿಂತಲ್ಲೇ ಮೂರನೆಯ ಹೆಸರು ಬರೆದರು. ಫಾರಮ್ಮಿಗೆ ತಂದೆಯ ಸಹಿ ಬೇಕು, ನಾಳೆಯೇ ಮಣಿಪಾಲಕ್ಕೆ ತಲುಪಿಸಬೇಕು ಎಂದರು.

ಮರುದಿನ ಬೆಳಿಗ್ಗೆ ನಾನೂ ಟೀಚರೂ ಬನ್ನಂಜೆಗೆ ಹೋದೆವು. ಕಟ್ಟಡದ ಎದುರು ಲಾರಿ ನಿಂತಿತ್ತು. ಹಲಗೆ, ಕಬ್ಬಿಣದ ಕಂಬ, ತಗಡು ಎಲ್ಲ ಏರಿಸುತ್ತಿದ್ದರು. ರೇಣುಕಾ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಅವಳ ಬಟ್ಟೆಯ ಗಂಟೂ ಕಟ್ಟಿ ಇಟ್ಟಾಗಿತ್ತು. ಹನುಮಂತಪ್ಪ ಕೈ ಒರೆಸಿಕೊಂಡು ಬಂದರು. ಮಗಳ ಆಟವನ್ನು ಅವರು ಒಮ್ಮೆಯೂ ನೋಡಿರಲಿಲ್ಲ, ಬಿಡುವು ಎಲ್ಲಿತ್ತು?

“ಎಷ್ಟ್ ಗೋಲ್ ಹೊಡದಾಳ್ರಿ ಅಕಿ?” ಎಂದು ಕೇಳಿದರು.

“ಒಂದೂ ಇಲ್ಲ” ಎಂದೆ.

“ಬಾಲ್ ಭಾಳ ಒದ್ದಾಳೇನು?”

“ಹೆಚ್ಚುಕಡಿಮೆ ಮುಟ್ಟಲೇ ಇಲ್ಲ.”

ಅವರು ನನ್ನನ್ನೂ ಟೀಚರನ್ನೂ ಮಿಕಮಿಕ ನೋಡಿದರು. “ಮತ್ಯಾಕ ಆರಿಸ್ಯಾರ್ರಿ? ಒಬ್ಬಾಕೀನ ಹೆಂಗ ಬಿಟ್ಟು ಹೋಗ್ಲಿ ನಾ? ಹುಟ್ಟಿದಾಗಿಂದ ಒಂದ್ ದಿನ ಬಿಟ್ಟಿಲ್ಲ ಅಕೀನ್ನ.” ಹಿಂದಿನಿಂದ ಅವಳ ತಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ರೇಣುಕಾ ನೆಲ ನೋಡುತ್ತಿದ್ದಳು. ಕಾರ್ಕಳದಲ್ಲಿ ಇಬ್ಬರ ನಡುವೆ ನಿಂತು “ಬಾಲ್! ಬಾಲ್!” ಎಂದು ಕೂಗುತ್ತಿದ್ದ ಹುಡುಗಿ ಇಲ್ಲಿ ಬಟ್ಟೆಯ ಗಂಟಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

ನಾನು ನೆಲದ ಮರಳಿನ ಮೇಲೆ ಜಲ್ಲಿಕಲ್ಲು ಇಟ್ಟು ತೋರಿಸಿದೆ. ಇದು ಇವಳು, ಇವರಿಬ್ಬರು ಕಾರ್ಕಳದವರು, ಇಲ್ಲಿ ಫಾತಿಮಾ. ಈ ಕಲ್ಲನ್ನು ಬದಿಗೆ ಸರಿಸಿದರೆ ನಡುವೆ ಎಂತ ಉಳಿಯಿತು ನೋಡಿ. ಹನುಮಂತಪ್ಪ ಕುಕ್ಕರಗಾಲಲ್ಲಿ ಕೂತು ಆ ಕಲ್ಲನ್ನು ತಾವೇ ಒಮ್ಮೆ ಸರಿಸಿ ನೋಡಿದರು. ಲಾರಿಯವನು ಎರಡು ಸಲ ಹಾರ್ನ್ ಹಾಕಿದ.

“ಅಂದ್ರ ಅಕಿ ದೂರ ಸರದು ನಿಂತಿದ್ದಕ್ಕ ಉಳಿದೋರಿಗೆ ಜಾಗ ಆತು. ಹೌದಲ್ರಿ?”

“ಹೌದು” ಎಂದೆ.

ಅವರು ಎದ್ದು ನಿಂತರು. ಹೆಂಡತಿಯ ಮುಖ ನೋಡಿದರು, ಮಗಳ ಮುಖ ನೋಡಿದರು.

“ಹಂಗಾರ ನಾವೂ ಚೂರ್ ದೂರ ನಿಲ್ತೀವಿ ಬಿಡ್ರಿ” ಎಂದರು. “ಎಲ್ಲಿ ಸೈನ್ ಹಾಕಬೇಕು, ತೋರಸ್ರಿ.”